ಋತುವಿನ ಮೊತ್ತವೂ ಸರದಿಯ ಲೆಕ್ಕವೂ: ಕ್ರೀಡಾ ದಾಖಲೆಗಳ ಬಗ್ಗೆ ಒಂದು ವಿಚಾರ

ರಣಜಿ ಟ್ರೋಫಿಯ 1998–99ರ ಋತುವಿನಲ್ಲಿ ಕರ್ನಾಟಕದ ವಿಜಯ ಭಾರದ್ವಾಜರು 1280 ಓಟಗಳನ್ನು ಗಳಿಸಿದರು. 2017–18ರಲ್ಲಿ ಮಯಾಂಕ್ ಅಗರವಾಲರು ಗಳಿಸಿದುದು 1160. ಇವರಲ್ಲಿ ಹೆಚ್ಚಿನ ಸಾಧನೆ ಯಾರದು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಥಟ್ಟನೆ ದೊಡ್ಡ ಅಂಕಿಯನ್ನು ತೋರಿಸುತ್ತಾರೆ. ಆದರೆ ಎಷ್ಟು ಅವಕಾಶಗಳಲ್ಲಿ ಆ ಮೊತ್ತ ಸಿದ್ಧಿಸಿತೆಂಬುದನ್ನು ಅರಿಯದೆ ತೀರ್ಪು ಕೊಡುವುದು ಇತಿಹಾಸದ ಅಭ್ಯಾಸಿಗೆ ಸಲ್ಲದು.

ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ಪರಿಶೀಲಿಸಿದವರು ಅಮೇರಿಕೆಯ ಬೇಸ್‌ಬಾಲ್ ಲೆಕ್ಕಿಗರು. ಆ ಆಟದಲ್ಲಿ ದಾಂಡಿಗನು ಚೆಂಡನ್ನು ಹೊಡೆದಾಗಲಿ, ಎಸೆತಗಾರನ ತಪ್ಪೆಸೆತಗಳಿಂದಾಗಲಿ, ಚೆಂಡು ಮೈಗೆ ತಗಲಿದುದರಿಂದಾಗಲಿ ಮೊದಲ ನೆಲೆಯನ್ನು ಸೇರಬಹುದು. 1923ರಲ್ಲಿ ಬೇಬ್ ರೂತ್ 379 ಸಲ ನೆಲೆ ಸೇರಿದನು. 2004ರಲ್ಲಿ ಬ್ಯಾರಿ ಬಾಂಡ್ಸ್ 376 ಸಲ. ಮೊತ್ತದಲ್ಲಿ ರೂತನೇ ಮುಂದು. ಆದರೆ ಬಾಂಡ್ಸನಿಗೆ ದೊರೆತ ಸರದಿಗಳು 617 ಮಾತ್ರ. ರೂತನಿಗೆ ಸುಮಾರು 700. ನೂರು ಸರದಿಗಳಿಗೆ ಲೆಕ್ಕ ಹಾಕಿದರೆ ರೂತನದು 54, ಬಾಂಡ್ಸನದು 61 ಆಗುತ್ತದೆ.

ಕ್ರಿಕೆಟ್ಟಿನ ‘ಸರಾಸರಿ’ ಇದಕ್ಕೆ ಸಮಾನವೆಂದು ಭಾವಿಸಬಾರದು. ಅಲ್ಲಿ ಓಟಗಳನ್ನು ಭಾಗಿಸುವುದು ಆಡಿದ ಇನಿಂಗ್ಸುಗಳಿಂದಲ್ಲ, ಔಟಾದ ಸಂಖ್ಯೆಯಿಂದ. ಅಗರವಾಲರು 13 ಇನಿಂಗ್ಸುಗಳಲ್ಲಿ ಎರಡು ಸಲ ಔಟಾಗದೆ ಉಳಿದುದರಿಂದ ಅವರ ಸರಾಸರಿ 105.45. ಹದಿಮೂರರಿಂದಲೇ ಭಾಗಿಸಿದರೆ ಅದು 89.23ಕ್ಕೆ ಇಳಿಯುತ್ತದೆ. ಭಾರದ್ವಾಜರ ಸರಾಸರಿ 85.33.

ಅಲ್ಲದೆ ಒಂದು ಮಹಾ ಇನಿಂಗ್ಸು ಋತುವಿನ ಚಿತ್ರವನ್ನೇ ಬದಲಿಸಬಲ್ಲದು. ಅಗರವಾಲರು ಆ ಋತುವಿನಲ್ಲಿ ಹೈದರಾಬಾದಿನ ವಿರುದ್ಧ ಎರಡು ಇನಿಂಗ್ಸುಗಳಲ್ಲಿಯೂ ಸೊನ್ನೆಗೆ ಔಟಾಗಿ, ಮುಂದೆ ಮಹಾರಾಷ್ಟ್ರದ ವಿರುದ್ಧ ಔಟಾಗದೆ 304 ಹೊಡೆದವರು! ಆದ್ದರಿಂದ ಬೇಸ್‌ಬಾಲಿನವರಂತೆ ‘ಎಷ್ಟು ಸಲ’ ಎಂದು ಕೇಳುವುದು ಉಚಿತ. ಐವತ್ತನ್ನು ಮುಟ್ಟುವುದೇ ನೆಲೆ ಸೇರುವುದೆಂದು ಇಟ್ಟುಕೊಂಡರೆ, ಅವರು ಹದಿಮೂರರಲ್ಲಿ ಏಳು ಸಲ ನೆಲೆ ಸೇರಿದ್ದಾರೆ. ಅಂದರೆ ನೂರಕ್ಕೆ 54. ಐವತ್ತೇ ಏಕೆ ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದುದೇ. ಆದರೆ ಎಲ್ಲರಿಗೂ ಒಂದೇ ಗೆರೆಯನ್ನು ಎಳೆದರೆ ಹೋಲಿಕೆಗೆ ಅಡ್ಡಿಯಿಲ್ಲ.

ಅವಕಾಶದ ಈ ಮಾತು ಹಿಂದಿನ ತಲೆಮಾರಿನವರ ವಿಷಯದಲ್ಲಿ ಇನ್ನೂ ಮುಖ್ಯವಾಗುತ್ತದೆ. 1934–35ರಲ್ಲಿ ಆರಂಭವಾದ ಈ ಪಂದ್ಯಾವಳಿಯು 1956–57ರವರೆಗೆ ಸೋತವರು ಹೊರಬೀಳುವ ಕ್ರಮದಲ್ಲಿ ನಡೆಯಿತು. ಮೊದಲ ಪಂದ್ಯದಲ್ಲಿಯೇ ಸೋತ ತಂಡದ ದಾಂಡಿಗನ ಋತು ಹೆಚ್ಚೆಂದರೆ ಎರಡು ಇನಿಂಗ್ಸುಗಳಿಗೆ ಮುಗಿಯುತ್ತಿತ್ತು. ವಲಯ ಲೀಗು ಬಂದ ಮೇಲೆಯೂ ದಕ್ಷಿಣ ವಲಯದಲ್ಲಿದ್ದುದು ಐದೇ ತಂಡಗಳು. 1967–68ರಲ್ಲಿ ಆಂಧ್ರದ ವಿರುದ್ಧ ತಮ್ಮ ಪ್ರಥಮ ಪಂದ್ಯದಲ್ಲಿಯೇ 230 ಓಟ ಗಳಿಸಿದ ಜಿ. ಆರ್. ವಿಶ್ವನಾಥರ ಮೈಸೂರು ತಂಡಕ್ಕೆ ನಿಶ್ಚಿತವಾಗಿ ದೊರೆಯುತ್ತಿದ್ದುದು ನಾಲ್ಕು ಲೀಗು ಪಂದ್ಯಗಳು. ಅಂಥವರ ಹೆಸರು ಸಾವಿರದ ಪಟ್ಟಿಯಲ್ಲಿಲ್ಲವೆಂದು ಅವರನ್ನು ಕೆಳಗಿಡುವುದು ಪಟ್ಟಿಯನ್ನು ಓದಲು ತಿಳಿಯದವರ ಕೆಲಸ.

ಆ ಹಳೆಯ ಕ್ರಮದಲ್ಲಿಯೇ ಸಾವಿರವನ್ನು ಮೊದಲು ದಾಟಿದವರು ಮುಂಬಯಿಯ ರೂಸಿ ಮೋದಿ. 1944–45ರಲ್ಲಿ ಐದು ಪಂದ್ಯಗಳ ಏಳು ಇನಿಂಗ್ಸುಗಳಲ್ಲಿ ಅವರು 1008 ಓಟ ಗಳಿಸಿದರು. ಏಳು ಎಂಬುದು ಚಿಕ್ಕ ಸಂಖ್ಯೆ ನಿಜ. ಮೊತ್ತದ ದೃಷ್ಟಿಯಿಂದ ಇಲ್ಲಿ ಹೇಳಿದ ಮೂವರಲ್ಲಿ ಅವರೇ ಕೊನೆಯವರು. ಐವತ್ತನ್ನು ಮುಟ್ಟಿದ ಲೆಕ್ಕವೋ, ಏಳರಲ್ಲಿ ಆರು.