ಯಾವ ಊರಿನಿಂದ ಬಂದಿರಿ?

ಐವತ್ತರ ಅಂಚಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತವನಿಗೆ ಮೊದಲ ಪರೀಕ್ಷೆ ಎದುರಾದದ್ದು ಲಿಪಿಯಿಂದಲ್ಲ, ನನ್ನದೇ ಪರಿಚಯದಿಂದ. ಬೆಂಗಳೂರಿನ ಜಪಾನಿ ಭಾಷಾ ತರಗತಿಯೊಂದರ ಮೊದಲ ದಿನವದು. ಹೊಸಬರು ಎದ್ದು ನಿಂತು ನಾಲ್ಕು ವಾಕ್ಯ ಹೇಳಿ ತಲೆಬಾಗಬೇಕು.

ಆರಂಭ 'ಹಾಜಿಮೆಮಾಶಿತೆ' ಎಂಬ ಮಾತಿನಿಂದ. ಮೊದಲ ಬಾರಿಗೆ ಭೇಟಿಯಾಗುತ್ತಿದ್ದೇವೆ ಎಂದರ್ಥ. ಬಳಿಕ ಹೆಸರು. ಇತರರ ಹೆಸರಿಗೆ 'ಸಾನ್' ಎಂಬ ಗೌರವಸೂಚಕ ಸೇರಿಸಬೇಕು, ತನ್ನ ಹೆಸರಿಗೆ ಕೂಡದು. ಕೊನೆಯದು 'ಯೊರೊಶಿಕು ಒನೆಗಾಯ್ಶಿಮಾಸು'. ಇದಕ್ಕೆ ಸರಿಸಾಟಿಯಾದ ಕನ್ನಡ ಮಾತು ಸಿಗದು. ಹೊಸದಾಗಿ ಬಂದವನು 'ನಿಮ್ಮ ವಿಶ್ವಾಸವಿರಲಿ' ಎಂದು ಮೊದಲೇ ಕೇಳಿಕೊಳ್ಳುವ ರೀತಿಯದು.

ನಡುವೆ ಬರುವುದು ಊರು. 'ಬೆಂಗಳೂರು ಕಾರಾ ಕಿಮಾಶಿತಾ' ಎಂದೆ. 'ಕಾರಾ' ಎಂದರೆ ನಮ್ಮ 'ಇಂದ', 'ಕಿಮಾಶಿತಾ' ಎಂದರೆ 'ಬಂದೆ'. ಪದಗಳ ಕ್ರಮವೂ ಕನ್ನಡದ್ದೇ. ವ್ಯಾಕರಣ ಸರಿಯಿತ್ತು, ಸಂಗತಿ ಸರಿಯಿರಲಿಲ್ಲ.

ನನ್ನ ಊರು ಚನ್ನಪಟ್ಟಣ. ತಂದೆ ಅಲ್ಲಿ ಹಾಲೆಮರದ ಬೊಂಬೆ ಕಡೆಯುತ್ತಿದ್ದರು. ನಾನು ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಓಡಾಡುತ್ತಿದ್ದ ದಿನಗಳಲ್ಲಿ ಅವರೊಮ್ಮೆ ಶುಲ್ಕದ ಹಣ ತಂದಿದ್ದರು. ಅವರ ಉಗುರಿನ ಅರಗಿನ ಬಣ್ಣ ಸಹಪಾಠಿಗಳ ಕಣ್ಣಿಗೆ ಬೀಳಬಾರದೆಂದು ಗೇಟಿನ ಹೊರಗೇ ಅವರಿಂದ ಹಣ ಪಡೆದು ಕಳುಹಿಸಿಬಿಟ್ಟಿದ್ದೆ. ಅಂದಿನಿಂದ ಊರು ಕೇಳಿದವರಿಗೆಲ್ಲ ಬೆಂಗಳೂರು ಎನ್ನುವುದೇ ರೂಢಿಯಾಯಿತು.

'ಹುಟ್ಟಿದ ಊರು?' ಎಂದು ಶಿಕ್ಷಕಿ ಮತ್ತೆ ಕೇಳಿದರು. ಹೇಳಿದೆ. ಅವರು ಹಲಗೆಯ ಮೇಲೆ ಕೈಕಾಲುಗಳಿಲ್ಲದ ಬೊಂಬೆಯೊಂದನ್ನು ಬರೆದರು. ಜಪಾನಿನ ಈಶಾನ್ಯ ಭಾಗದ ತೊಹೊಕು ಪ್ರಾಂತ್ಯದ 'ಕೊಕೆಶಿ' ಅದು. ತಿರುಗುವ ಮರವನ್ನು ಉಳಿಯಿಂದ ಕಡೆದು ಮಾಡುವಂಥದ್ದು. ಅಪ್ಪನ ಕೆಲಸವೂ ಅದೇ ಆಗಿತ್ತು.

ನಮ್ಮ ಸೀಮೆಗೆ ಜಪಾನ್ ಅಪರಿಚಿತವೇನಲ್ಲ. ಕಳೆದ ಶತಮಾನದ ಆರಂಭದಲ್ಲಿ ಬವಾಸ್ ಮಿಯಾ ಅವರು ಜಪಾನಿನ ಅರಗಿನ ಕೆಲಸದ ತಂತ್ರಗಳನ್ನು ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಕಲಿಸಿದರೆಂದು ಹೇಳುತ್ತಾರೆ. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ತಜ್ಞರ ನೆರವಿನಿಂದ ರೂಪುಗೊಂಡ ದ್ವಿತಳಿ ಗೂಡುಗಳು ರಾಮನಗರದ ಮಾರುಕಟ್ಟೆಗೂ ಬಂದವು. ಬಿಡದಿಯಲ್ಲಿ 1999ರಿಂದ ಟೊಯೊಟಾ ವಾಹನಗಳು ತಯಾರಾಗುತ್ತಿವೆ. ಇಷ್ಟಾದರೂ ಅವರ ಭಾಷೆಯಲ್ಲಿ ನನ್ನ ಊರಿನ ಹೆಸರು ಹೇಳಲು ನನಗೆ ನಾಚಿಕೆ!

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ ಪ್ರತ್ಯೇಕ ಜಿಲ್ಲೆಯಾದವು. ಆ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಭೂಮಿಯ ಬೆಲೆ, ಉದ್ಯೋಗದ ಆಸೆ ಇಂಥ ಹೆಸರಿನ ಹಿಂದಿರುವುದು ಸಹಜ. ಆದರೆ ಮೂವತ್ತು ವರ್ಷ ನಾನು ಒಬ್ಬನೇ ಮಾಡುತ್ತ ಬಂದದ್ದನ್ನು ಈಗ ಜಿಲ್ಲೆಯೇ ಮಾಡುತ್ತಿದೆಯಲ್ಲ ಎನಿಸಿ ಮನಸ್ಸು ಮುದುಡಿತು.

ಮುಂದಿನ ವಾರ ಮತ್ತೊಬ್ಬ ಹೊಸಬರು ಸೇರಿದರು. ಎಲ್ಲರೂ ಪುನಃ ಪರಿಚಯ ಹೇಳಿಕೊಳ್ಳಬೇಕಾಯಿತು. 'ಚನ್ನಪಟ್ಟಣ ಕಾರಾ ಕಿಮಾಶಿತಾ' ಎಂದೆ. ತಂದೆ ಬೊಂಬೆ ಮಾಡುತ್ತಿದ್ದರೆಂಬುದನ್ನೂ ಶಿಕ್ಷಕಿಯ ನೆರವಿನಿಂದ ಸೇರಿಸಿದೆ. ಹೊರಗಿನವರೊಂದಿಗೆ ಮಾತನಾಡುವಾಗ ಜಪಾನೀಯರು ತಮ್ಮ ತಂದೆಗೆ ಗೌರವಸೂಚಕ ಬಳಸುವುದಿಲ್ಲ. ಬರಿಯ 'ಚಿಚಿ' ಎನ್ನುತ್ತಾರೆ. ಕನ್ನಡದಲ್ಲಿ ನಾನು ಸದಾ 'ನಮ್ಮ ತಂದೆಯವರು' ಎನ್ನುತ್ತಿದ್ದೆ, ಆದರೆ ಅವರನ್ನು ಗೇಟಿನಾಚೆಯೇ ನಿಲ್ಲಿಸಿದ್ದೆ. ಆ ದಿನ 'ಚಿಚಿ' ಎಂದು ಏಕವಚನದಲ್ಲೇ ಕರೆದು ತರಗತಿಯ ಒಳಕ್ಕೆ ಕರೆತಂದೆ. ಕೇಳಿಸಿಕೊಳ್ಳಲು ಅವರು ಇರಲಿಲ್ಲ.