ತಮ್ಮ ಕಳಿಸಿದ ಸುದ್ದಿ

ಸೇಡಂ ರಸ್ತೆಯ ಮನೆಯೊಂದಕ್ಕೆ ಈಚೆಗೆ ನಾವು ಭೇಟಿಯಿತ್ತಾಗ ಮನೆಯೊಡತಿ ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಮಕ್ಕಳ ಕಳ್ಳರು ಊರು ಹೊಕ್ಕಿದ್ದಾರೆ, ಪರಊರಿನವರನ್ನು ಕಂಡಲ್ಲಿ ಬಡಿಯಿರಿ ಎಂಬ ಸಂದೇಶ ಅದರಲ್ಲಿತ್ತು. ಇದನ್ನು ನಂಬುವಿರಾ ಎಂದು ಕೇಳಿದೆವು. "ನಮ್ಮ ತಮ್ಮ ಕಳಿಸ್ಯಾನ್ರಿ ಫಾದರ್, ಅವ ಯಾಕ ಸುಳ್ಳ ಹೇಳ್ತಾನ?" ಎಂದರು.

ಪ್ರಿಯ ವಾಚಕರೇ, ಉಗ್ರ ಅಭಿಪ್ರಾಯಗಳನ್ನು ಹರಡುವವರೆಲ್ಲ ದುಷ್ಟರೆಂದು ಭಾವಿಸುವುದು ಸುಲಭ. ನಾವು ಕಂಡಂತೆ ಅವು ಸಂಚರಿಸುವುದು ಹೆಚ್ಚಾಗಿ ಪ್ರೀತಿವಿಶ್ವಾಸಗಳ ಹೆಗಲೇರಿಯೇ. ಹೇಳಿದವನು ನಮ್ಮವನಾದರೆ ಹೇಳಿದ ಮಾತನ್ನು ಪರೀಕ್ಷಿಸುವುದು ಅವಮಾನವೆನಿಸುತ್ತದೆ. ಗುಂಪಿನಲ್ಲಿ ಒಪ್ಪದವರು ಸುಮ್ಮನಿರುತ್ತಾರೆ. ಆ ಮೌನವೂ ಸಮ್ಮತಿಯಾಗಿ ಎಣಿಕೆಗೆ ಬರುತ್ತದೆ.

ನಮ್ಮ ನೆರೆಯ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮವನ್ನು ಮರೆಯಲಾದೀತೆ? 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಆ ಭಾಗದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರು. ವಾಟ್ಸ್‌ಆ್ಯಪ್ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಮುಟ್ಟಿತ್ತು. ದಾರಿ ಕಟ್ಟಿದ ಜನರ ಹೊಡೆತಕ್ಕೆ ಸಿಕ್ಕಿ ಓರ್ವ ತರುಣ ಇಂಜಿನಿಯರ್ ಅಸುನೀಗಿದನು. ರಕ್ಷಿಸಲು ಬಂದ ಪೊಲೀಸರೂ ಗಾಯಗೊಂಡರು. ಆ ವರ್ಷ ದೇಶವನ್ನೆಲ್ಲ ಸುತ್ತಿ ಇಂಥ ಭಯ ಬಿತ್ತಿದ ಮಗುವಿನ ಅಪಹರಣದ ದೃಶ್ಯವೊಂದು ವಾಸ್ತವವಾಗಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಕಿರುಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಸಂದೇಶ ರವಾನಿಸದಂತೆ ಮಿತಿ ಹಾಕಲು ಮುಂದಾಯಿತು. ವೇಗ ತಗ್ಗಿತೇನೋ, ನಂಬುವ ಮನಸ್ಸಿಗೆ ಐವರೇ ಸಾಕು. ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಟ್ವಿಟರಿನಲ್ಲಿ ಸುಳ್ಳುಸುದ್ದಿಯು ಮರುಪ್ರಸಾರಗೊಳ್ಳುವ ಸಂಭವ ನಿಜಸುದ್ದಿಗಿಂತ ಶೇಕಡಾ 70ರಷ್ಟು ಅಧಿಕವೆಂದು ಕಂಡುಕೊಂಡಿತು. ಇದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರೇ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಶುಷ್ಕವೆನಿಸಿದ್ದ ಸಂತ ಥಾಮಸ್ ಅಕ್ವಿನಾಸರ ವಿಚಾರವೊಂದು ಈಗ ಜೀವಂತವಾಗಿ ಕಾಣುತ್ತಿದೆ. ಸಂದೇಹಕ್ಕೆ ಅವರು ಮೂರು ಮೂಲಗಳನ್ನು ಹೇಳುತ್ತಾರೆ: ತನ್ನದೇ ಕೆಡುಕು, ಇನ್ನೊಬ್ಬರ ಮೇಲಣ ದ್ವೇಷ, ದೀರ್ಘ ಅನುಭವ. (ಮೂರನೆಯದರಿಂದ ವೃದ್ಧರು ಹೆಚ್ಚು ಸಂಶಯಿಗಳಂತೆ, ನಾವೂ ಆ ದಾರಿಯಲ್ಲಿದ್ದೇವೆ.) ಎರಡನೆಯದೇ ಇಲ್ಲಿ ಪ್ರಸ್ತುತ. ಯಾರನ್ನು ಮೊದಲೇ ಹೀನವಾಗಿ ಕಂಡಿರುತ್ತೇವೋ ಅವರನ್ನು ದೋಷಿಯೆಂದು ತೀರ್ಮಾನಿಸಲು ಅತ್ಯಲ್ಪ ಕುರುಹು ಸಾಕು. ಚಾಕೊಲೇಟು ಕೂಡ.

ನಮ್ಮ ಮಾತಿಗೆ ಆ ತಾಯಿ ತಮ್ಮನಿಗೆ ಫೋನು ಮಾಡಿದರು. ಅವನಿಗೆ ಅದು ಗೆಳೆಯನಿಂದ ಬಂದಿತ್ತಂತೆ. ಗೆಳೆಯನಿಗೆ ಎಲ್ಲಿಂದ ಬಂತೆಂದು ಅವನು ಕೇಳಿರಲಿಲ್ಲ.