ಸೂಜಿಗಲ್ಲಿನಿಂದ ವಿದ್ಯುತ್ಕಾಂತದವರೆಗೆ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಮುತ್ತ ರಾಗಿಯ ಹೊಲಗಳ ನಡುವೆ ಹಿಪ್ಪುನೇರಳೆಯ ತೋಟಗಳು ಕಾಣಸಿಗುತ್ತವೆ. ರೇಷ್ಮೆಹುಳುವಿಗೆ ಸೊಪ್ಪು ಬೇಕು. ಸೊಪ್ಪಿಗೆ ನೀರು ಬೇಕು. ಕೊಳವೆಬಾವಿಯಿಂದ ನೀರನ್ನು ಮೇಲೆತ್ತಲು ವಿದ್ಯುತ್ತು ಬೇಕು. ಪಂಪುಮನೆಯ ಗೋಡೆಯ ಮೇಲೆ ಸ್ಟಾರ್ಟರ್ ಎಂಬ ಪೆಟ್ಟಿಗೆಯೊಂದಿರುತ್ತದೆ. ಅದರ ಹಸಿರು ಗುಂಡಿಯನ್ನು ಒತ್ತಿದೊಡನೆ ಒಳಗೆ 'ಟಕ್' ಎಂಬ ಸದ್ದಾಗಿ ಮೋಟಾರು ತಿರುಗತೊಡಗುತ್ತದೆ. ಬೆರಳನ್ನು ತೆಗೆದರೂ ಅದು ನಿಲ್ಲುವುದಿಲ್ಲ. ಆದರೆ ವಿದ್ಯುತ್ತು ಹೋಗಿ ಮತ್ತೆ ಬಂದಾಗ ಮೋಟಾರು ತಾನಾಗಿ ಹೊರಡುವುದಿಲ್ಲ. ಯಾರಾದರೂ ಹೋಗಿ ಗುಂಡಿಯನ್ನು ಮತ್ತೊಮ್ಮೆ ಒತ್ತಬೇಕು. ನಡುರಾತ್ರಿಯಲ್ಲಿ ಟಾರ್ಚು ಹಿಡಿದು ತೋಟಕ್ಕೆ ನಡೆಯಬೇಕಾದ ರೈತನಿಗೆ ಇದೊಂದು ಕಾಟವೆಂದೇ ತೋರುತ್ತದೆ. ಅದು ಕಾಟವೋ ಕಾವಲೋ ಎಂಬುದನ್ನು ತಿಳಿಯಬೇಕಾದರೆ ಮೊದಲು ಕಾಂತದ ಗುಣಗಳನ್ನು ಅರಿಯಬೇಕು.

ಮಳೆ ನಿಂತ ಮೇಲೆ ನೀರು ಹರಿದ ಜಾಡಿನಲ್ಲಿ ಕಪ್ಪು ಮರಳಿನ ಗೆರೆಗಳು ಉಳಿಯುವುದುಂಟು. ಕಾಂತವೊಂದನ್ನು ಕಾಗದದಲ್ಲಿ ಸುತ್ತಿ ಆ ಮರಳಿನಲ್ಲಿ ಆಡಿಸಿದರೆ ಕೆಲವು ಕಪ್ಪು ಕಣಗಳು ಮೀಸೆಯಂತೆ ನಿಮಿರಿ ಅಂಟಿಕೊಳ್ಳುತ್ತವೆ. ಇವು ಹೆಚ್ಚಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳು. ಈ ಅದಿರಿನ ಕೆಲವು ತುಂಡುಗಳು ನಿಸರ್ಗದಲ್ಲಿಯೇ ಕಾಂತಗುಣವನ್ನು ಪಡೆದಿರುತ್ತವೆ. ಇವನ್ನೇ ಹಿಂದಿನವರು ಸೂಜಿಗಲ್ಲು ಎಂದು ಕರೆದರು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಅದಿರು ಹೇರಳವಾಗಿದೆ. 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿ ಅರೆದ ಅದಿರಿನಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸಲು ಕಾಂತಶಕ್ತಿಯನ್ನೇ ಬಳಸುತ್ತಿದ್ದರು.

ದಂಡಕಾಂತವೊಂದನ್ನು ದಾರದಿಂದ ತೂಗುಬಿಟ್ಟರೆ ಅದು ಅತ್ತಿತ್ತ ಓಲಾಡಿ, ಕೊನೆಗೆ ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ. ಉತ್ತರಕ್ಕೆ ಮುಖಮಾಡುವ ತುದಿಯು ಉತ್ತರ ಧ್ರುವ. ಇನ್ನೊಂದು ದಕ್ಷಿಣ ಧ್ರುವ. ಸಜಾತೀಯ ಧ್ರುವಗಳು ಒಂದನ್ನೊಂದು ವಿಕರ್ಷಿಸುತ್ತವೆ. ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ. ಭೂಮಿಯೇ ಒಂದು ದೊಡ್ಡ ಕಾಂತದಂತೆ ವರ್ತಿಸುವುದರಿಂದ ದಿಕ್ಸೂಚಿಯ ಮುಳ್ಳು ಹೀಗೆ ನಿಲ್ಲುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟನು 1600ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಕಾಂತವನ್ನು ಎರಡಾಗಿ ತುಂಡರಿಸಿದರೆ ಧ್ರುವಗಳು ಬೇರೆಯಾಗುವುದಿಲ್ಲ. ಪ್ರತಿಯೊಂದು ತುಂಡೂ ಎರಡು ಧ್ರುವಗಳುಳ್ಳ ಪೂರ್ಣ ಕಾಂತವಾಗುತ್ತದೆ.

ಇದಕ್ಕೆ ಕಾರಣವು ಕಬ್ಬಿಣದ ಒಳರಚನೆಯಲ್ಲಿದೆ. ಕಬ್ಬಿಣದ ಪರಮಾಣುಗಳು ಕಿರುಕಾಂತಗಳಂತೆ ವರ್ತಿಸುತ್ತವೆ. ಅವು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಆದರೆ ಸಾಧಾರಣ ಕಬ್ಬಿಣದಲ್ಲಿ ಒಂದು ಗುಂಪಿನ ದಿಕ್ಕು ಮತ್ತೊಂದರದಲ್ಲ. ಆದ್ದರಿಂದ ಅವುಗಳ ಶಕ್ತಿ ಪರಸ್ಪರ ಅಳಿದುಹೋಗುತ್ತದೆ. ಹೊರಗಿನ ಕಾಂತವು ಹತ್ತಿರ ಬಂದಾಗ ಗುಂಪುಗಳು ಒಂದೇ ದಿಕ್ಕಿಗೆ ಹೊಂದಿಕೊಂಡು ಕಬ್ಬಿಣವೂ ಕಾಂತವಾಗುತ್ತದೆ. ಆ ಕಾಂತವನ್ನು ದೂರ ಸರಿಸಿದರೆ ಮೆದುಕಬ್ಬಿಣವು ಈ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ; ಗಟ್ಟಿಯಾದ ಉಕ್ಕು ಅದನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಶಾಶ್ವತ ಕಾಂತಕ್ಕೆ ಉಕ್ಕು ತಕ್ಕುದು. ಬೇಕೆಂದಾಗ ಬಂದು ಬೇಡವೆಂದಾಗ ಹೋಗುವ ಕಾಂತತ್ವಕ್ಕೆ ಮೆದುಕಬ್ಬಿಣವೇ ತಕ್ಕುದು.

1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ತಿರುಗುವುದನ್ನು ಕಂಡನು. ವಿದ್ಯುತ್ತನ್ನು ನಿಲ್ಲಿಸಿದಾಗ ಮುಳ್ಳು ಮೊದಲಿನ ಸ್ಥಾನಕ್ಕೆ ಮರಳಿತು. ವಿದ್ಯುತ್ ಪ್ರವಾಹವು ತನ್ನ ಸುತ್ತಲೂ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಪ್ರತಿಯೊಂದು ಸುತ್ತಿನ ಕ್ಷೇತ್ರವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಸುರುಳಿಯೊಳಗೆ ಮೆದುಕಬ್ಬಿಣದ ತಿರುಳನ್ನಿಟ್ಟರೆ ಶಕ್ತಿ ಬಹಳವಾಗಿ ಹೆಚ್ಚುತ್ತದೆ. ಇದೇ ವಿದ್ಯುತ್ಕಾಂತ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಾಕಾರದ ವಿದ್ಯುತ್ಕಾಂತವೊಂದನ್ನು ಪ್ರದರ್ಶಿಸಿದನು.

ಕಬ್ಬಿಣದ ಮೊಳೆಯೊಂದಕ್ಕೆ ಹೊದಿಕೆಯುಳ್ಳ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಅದರ ತುದಿಗಳನ್ನು ಟಾರ್ಚಿನ ಶುಷ್ಕಕೋಶಕ್ಕೆ ಕ್ಷಣಕಾಲ ಮುಟ್ಟಿಸಿದರೆ ಮೊಳೆಯು ಗುಂಡುಸೂಜಿಗಳನ್ನು ಎತ್ತುತ್ತದೆ. ಸುತ್ತುಗಳ ಸಂಖ್ಯೆ ಅಥವಾ ಪ್ರವಾಹ ಹೆಚ್ಚಿದಂತೆ ಅದು ಎತ್ತುವ ಸೂಜಿಗಳೂ ಹೆಚ್ಚುತ್ತವೆ. ತಂತಿ ಬೇಗನೆ ಬಿಸಿಯಾಗುವುದರಿಂದ ಹೆಚ್ಚು ಹೊತ್ತು ಹಿಡಿಯಬಾರದು. ಮನೆಯ ಗೋಡೆಯ ವಿದ್ಯುತ್ತಿನಿಂದ ಈ ಪ್ರಯೋಗವನ್ನು ಎಂದಿಗೂ ಮಾಡಬಾರದು, ಅದು ಪ್ರಾಣಾಂತಿಕ.

ಈಗ ಪಂಪುಮನೆಗೆ ಮರಳಬಹುದು. ಸ್ಟಾರ್ಟರಿನೊಳಗೆ ಇರುವುದು ಇಂಥದೇ ವಿದ್ಯುತ್ಕಾಂತ. ಹಸಿರು ಗುಂಡಿಯನ್ನು ಒತ್ತಿದಾಗ ಅದರ ಸುರುಳಿಯಲ್ಲಿ ವಿದ್ಯುತ್ತು ಹರಿದು, ತಿರುಳು ಎದುರಿನ ಕಬ್ಬಿಣದ ತುಂಡನ್ನು ಸೆಳೆದುಕೊಳ್ಳುತ್ತದೆ. 'ಟಕ್' ಎಂಬ ಸದ್ದು ಅದರದೇ. ಆ ತುಂಡಿನೊಡನೆ ಚಲಿಸುವ ಲೋಹದ ಪಟ್ಟಿಗಳು ಮೋಟಾರಿಗೆ ವಿದ್ಯುತ್ತಿನ ದಾರಿಯನ್ನು ಕೂಡಿಸುತ್ತವೆ. ಅವುಗಳಲ್ಲಿ ಒಂದು ಚಿಕ್ಕ ಪಟ್ಟಿಯು ಸುರುಳಿಗೇ ಬೇರೊಂದು ದಾರಿಯನ್ನು ಒದಗಿಸುವುದರಿಂದ ಬೆರಳನ್ನು ತೆಗೆದರೂ ಕಾಂತಶಕ್ತಿ ಉಳಿಯುತ್ತದೆ. ಕೆಂಪು ಗುಂಡಿಯನ್ನು ಒತ್ತಿದರೆ ಈ ದಾರಿ ಕಡಿಯುತ್ತದೆ. ವಿದ್ಯುತ್ತು ಹೋದಾಗಲೂ ಆಗುವುದು ಇದೇ: ಸುರುಳಿ ಬಲಗುಂದುತ್ತದೆ, ಸ್ಪ್ರಿಂಗು ಕಬ್ಬಿಣದ ತುಂಡನ್ನು ಹಿಂದಕ್ಕೆ ತಳ್ಳುತ್ತದೆ, ದಾರಿ ಮುರಿಯುತ್ತದೆ. ಮತ್ತೆ ವಿದ್ಯುತ್ತು ಬಂದಾಗ ಆ ದಾರಿ ತೆರೆದೇ ಇರುತ್ತದೆ.

ರಾತ್ರಿಯ ನಡಿಗೆಗೆ ಬೇಸತ್ತು ಸ್ಟಾರ್ಟರು ಬಿಡದಂತೆ ಕಡ್ಡಿ ಸಿಕ್ಕಿಸುವವರುಂಟು. ಹಾಗೆ ಮಾಡಿದ ಪಂಪಿನ ಬಳಿ, ವಿದ್ಯುತ್ತು ಇಲ್ಲದ ಹೊತ್ತಿನಲ್ಲಿ ಒಬ್ಬನು ಕೈಯಿಟ್ಟು ರಿಪೇರಿ ಮಾಡುತ್ತಿರುವಾಗ ಥಟ್ಟನೆ ವಿದ್ಯುತ್ತು ಬಂದರೆ ಅವನ ಕೈಯೋ ಪ್ರಾಣವೋ ಹೋಗಬಹುದು. ಮೋಟಾರು ಹೊರಡುವ ಕ್ಷಣದಲ್ಲಿ ಎಂದಿಗಿಂತ ಹಲವು ಪಟ್ಟು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಊರಿನ ಮೋಟಾರುಗಳೆಲ್ಲ ಒಮ್ಮೆಲೇ ಹೊರಟರೆ ಟ್ರಾನ್ಸ್‌ಫಾರ್ಮರಿಗೂ ಅಪಾಯ. ಸ್ಟಾರ್ಟರು ಸರಿಯಾಗಿದ್ದರೂ ರಿಪೇರಿಗೆ ಮುನ್ನ ಮೆಯಿನ್ ಸ್ವಿಚ್ಚನ್ನು ಆರಿಸಲೇಬೇಕು.

ಆ ಪೆಟ್ಟಿಗೆಗೆ ಬರುವ ವಿದ್ಯುತ್ತಿನ ಹಿಂದೆಯೂ ಕಾಂತವಿದೆ. ಕಾಂತಕ್ಷೇತ್ರವು ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದನು. ಅದೇ ತತ್ತ್ವದ ಮೇಲೆ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದು ದೂರದ ಗಣಿಗೆ ಹರಿದ ಶಕ್ತಿ ಇಂದು ಹಿಪ್ಪುನೇರಳೆಯ ಬೇರಿಗೂ ನೀರುಣಿಸುತ್ತಿದೆ. ವಿದ್ಯುತ್ತು ಹೋದಾಗ ತಾನೂ ಕೈಬಿಡುವುದು ವಿದ್ಯುತ್ಕಾಂತದ ದೌರ್ಬಲ್ಯವಲ್ಲ. ಕತ್ತಲಲ್ಲಿ ದುಡಿಯುವ ಕೈಗಳನ್ನು ಕಾಯುವ ಗುಣವೇ ಅದು.